ಗಂಗಾಳ ಕಾಯಿಲೆ, ನಾಲ್ಕು ಭಾಷೆಗಳಲ್ಲಿ

ಕಳೆದ ಮಳೆಗಾಲದಲ್ಲಿ ಕಾಲು ಉಳುಕಿ ಎರಡು ವಾರ ಮನೆಯಲ್ಲೇ ಕೂತಿದ್ದೆ. ಬಹಳ ದಿನದಿಂದ ಮಾಡಬೇಕು ಅಂದುಕೊಂಡಿದ್ದ ಒಂದು ಕೆಲಸ ಆಗ ಮಾಡಿ ಮುಗಿಸಿದೆ. ಒಂದೇ ಕಥೆಯ ನಾಲ್ಕು ಸಿನಿಮಾಗಳನ್ನು ಒಂದರ ಹಿಂದೆ ಒಂದು ನೋಡಿದೆ: ಮಲಯಾಳಂನ ‘ಮಣಿಚಿತ್ರತ್ತಾಳ್’ (1993), ನಮ್ಮ ‘ಆಪ್ತಮಿತ್ರ’ (2004), ತಮಿಳಿನ ‘ಚಂದ್ರಮುಖಿ’ (2005), ಹಿಂದಿಯ ‘ಭೂಲ್ ಭುಲಯ್ಯಾ’ (2007). ಕೊನೆಯ ದೃಶ್ಯದವರೆಗೂ ಮಾತಾಡುತ್ತೇನೆ. ಇನ್ನೂ ನೋಡಿಲ್ಲದವರು ನೋಡಿಕೊಂಡು ಬಂದು ಓದಿ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಹಳೆಯ ಬಂಗಲೆ, ಬೀಗ ಹಾಕಿದ ಕೋಣೆ, ಅದನ್ನು ತೆಗೆಯುವ ಹೊಸ ಸೊಸೆ (ಹಿಂದಿ ಬಿಟ್ಟು ಉಳಿದ ಮೂರರಲ್ಲೂ ಅವಳ ಹೆಸರು ಗಂಗಾ), ಆಮೇಲೆ ರಾತ್ರಿ ಹೊತ್ತು ಗೆಜ್ಜೆ ಸದ್ದು. ಊರೆಲ್ಲ ದೆವ್ವ ಅನ್ನುತ್ತದೆ, ಹಿಂದೆ ಆ ಮನೆಯ ಕ್ರೂರ ಯಜಮಾನ ಕೊಂದ, ಬೇರೆ ಭಾಷೆಯ ನರ್ತಕಿಯೊಬ್ಬಳ ದೆವ್ವ. ಮಲಯಾಳಂ, ಕನ್ನಡ ಎರಡರಲ್ಲೂ ಆ ನರ್ತಕಿಯ ಹೆಸರು ನಾಗವಲ್ಲಿ. ಮನೋವೈದ್ಯನೊಬ್ಬ ಬಂದು ಇದು ಕಾಯಿಲೆ ಅನ್ನುತ್ತಾನೆ. ಡಾಕ್ಟರ ಈ ಒಂದು ಮಾತನ್ನು ಯಾವ ಸಿನಿಮಾ ಕೊನೆಯವರೆಗೂ ಬಿಡದೆ ಹಿಡಿದುಕೊಳ್ಳುತ್ತದೆ ಅಂತ ನೋಡುವುದೇ ನನಗೆ ಮುಖ್ಯವಾಗಿತ್ತು.

ಅದಕ್ಕೆ ಕಾರಣ ಇದೆ. ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ, ಮದುವೆಯಾದ ಎರಡನೇ ವರ್ಷಕ್ಕೆ ಬೇರೆ ಯಾರದೋ ದನಿಯಲ್ಲಿ ಮಾತಾಡತೊಡಗಿದಳು. ಗಾಳಿ ಸೋಕಿದೆ ಅಂದರು. ಅಂತ್ರ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಕೂದಲು ಹಿಡಿದು ಎಳೆದಾಡಿಸಿದರು. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ದೊಡ್ಡಪ್ಪ ಯಾರ ಮಾತನ್ನೂ ಕೇಳದೆ ರಾತ್ರಿ ಬಸ್ಸಿಗೆ ಹತ್ತಿಸಿಕೊಂಡು ಬೆಂಗಳೂರಿನ ನಿಮ್ಹಾನ್ಸಿಗೆ ಕರೆದುಕೊಂಡು ಹೋದರು. ಅಕ್ಕ ಗುಣವಾದಳು. 2004ರಲ್ಲಿ ಶಿವಮೊಗ್ಗದ ಟಾಕೀಸಿನಲ್ಲಿ ‘ಆಪ್ತಮಿತ್ರ’ ನೋಡುವಾಗ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಂದ ಮೇಲೆ ಕೇಳಿದ್ದು ಒಂದೇ ಮಾತು: “ಅವಳಿಗೆ ಯಾಕೆ ಮಾತ್ರೆ ಕೊಡಲಿಲ್ಲ?”

ಮೊದಲು ಮಲಯಾಳಂ. ಫಾಸಿಲ್ ನಿರ್ದೇಶನ, ಮಧು ಮುಟ್ಟಂ ಬರೆದ ಕಥೆ. ಮೋಹನ್‌ಲಾಲ್ ಅವರಂಥ ನಟ ತೆರೆಗೆ ಬರುವುದಕ್ಕೆ ಒಂದು ಗಂಟೆಯಾದರೂ ಕಾಯಬೇಕು. ಅಲ್ಲಿಯವರೆಗೆ ಸಿನಿಮಾ ಗಂಗಾಳದು, ಆ ಮನೆಯದು. ಆ ಒಂದು ಗಂಟೆಯಲ್ಲಿ ನಮಗೆ ಅವಳ ಪರಿಚಯ ಚೆನ್ನಾಗಿ ಆಗಿಬಿಡುತ್ತದೆ. ಓದುವ ಹುಚ್ಚು, ಹಳೆಯ ಕಥೆಗಳ ಹುಚ್ಚು, ಕೆಲಸದಲ್ಲೇ ಮುಳುಗಿರುವ ಗಂಡ, ದೊಡ್ಡ ಮನೆಯಲ್ಲಿ ದಿನವಿಡೀ ಒಬ್ಬಳೇ. ಅಪ್ಪ ಅಮ್ಮ ಕಲ್ಕತ್ತೆಯಲ್ಲಿದ್ದು ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು ಅನ್ನುವುದು ಆಮೇಲೆ ತಿಳಿದಾಗ, ಕಾಯಿಲೆಯ ಬೇರು ಎಲ್ಲಿದೆ ಅಂತ ನಮಗೇ ಹೊಳೆಯುತ್ತದೆ. ಡಾಕ್ಟರು ಭಾಷಣ ಮಾಡಬೇಕಾಗುವುದಿಲ್ಲ.

ಶೋಭನಾ ಭರತನಾಟ್ಯ ಕಲಿತ ನರ್ತಕಿ. ಈ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಾನು ಹೊಗಳಬೇಕಾದದ್ದು ಕುಣಿತಕ್ಕಿಂತ ಹೆಚ್ಚಾಗಿ, ಹೊರಗೆ ಹೊರಟವಳನ್ನು ಗಂಡ ತಡೆದಾಗಿನ ಆ ದೃಶ್ಯವನ್ನು. ಮಲಯಾಳಂ ಮಾತಾಡುತ್ತಿದ್ದವಳ ಬಾಯಲ್ಲಿ ಇದ್ದಕ್ಕಿದ್ದಂತೆ ತಮಿಳು ಬರುತ್ತದೆ, ಮಂಚ ಒಂದೇ ಕೈಗೆ ಮೇಲೇಳುತ್ತದೆ, ಮರುಕ್ಷಣ ತನಗೇನಾಯಿತೆಂದು ತಿಳಿಯದ ಹೆಣ್ಣುಮಗಳು ಬೆವರುತ್ತ ನಿಂತಿರುತ್ತಾಳೆ. ಆ ಕೊನೆಯ ಬೆಪ್ಪು ನೋಟ ನಾನು ನಮ್ಮ ಮನೆಯಲ್ಲಿ ನೋಡಿದ್ದು. ಶೋಭನಾ ಅದನ್ನು ಎಲ್ಲಿ ನೋಡಿ ಕಲಿತರೋ ಗೊತ್ತಿಲ್ಲ.

ಈ ಮಲಯಾಳಂ ಸಿನಿಮಾದಲ್ಲಿ ನಮ್ಮವರಿಬ್ಬರಿದ್ದಾರೆ ಅನ್ನುವುದು ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಗಂಡನ ಸಂಬಂಧಿ ಶ್ರೀದೇವಿಯ ಪಾತ್ರ ಉಡುಪಿಯ ವಿನಯಾ ಪ್ರಸಾದ್ ಅವರದು. ಗಂಗಾ ತನ್ನ ಭ್ರಮೆಯಲ್ಲಿ ನಾಗವಲ್ಲಿಯ ಪ್ರಿಯಕರ ಅಂದುಕೊಳ್ಳುವ ಮಹಾದೇವನ್ ನಮ್ಮ ನರ್ತಕ, ನಟ ಶ್ರೀಧರ್. ಶ್ರೀದೇವಿಯ ಜಾತಕದಲ್ಲಿ ಕುಜದೋಷ ಇದೆ ಅನ್ನುವ ಕಾರಣಕ್ಕೆ ಅವಳ ಬದುಕೇ ಹಾಳಾಗಿದೆ. ಮನೆಯಲ್ಲಿ ಏನೇ ಕೆಟ್ಟದ್ದಾದರೂ ಬೊಟ್ಟು ಅವಳ ಕಡೆಗೇ. ವಿನಯಾ ಪ್ರಸಾದ್ ಅದನ್ನು ತಲೆ ತಗ್ಗಿಸದೆ, ದನಿ ಏರಿಸದೆ ಮಾಡಿದ್ದಾರೆ. ಕಾಯಿಲೆಯವಳೊಬ್ಬಳು, ಆಪಾದನೆ ಹೊತ್ತವಳು ಇನ್ನೊಬ್ಬಳು. ನಾಲ್ಕರಲ್ಲಿ ಈ ಎರಡನೆಯ ಹೆಣ್ಣಿಗೆ ಇಷ್ಟು ಮರ್ಯಾದೆ ಕೊಟ್ಟದ್ದು ಇದೊಂದೇ.

ಇನ್ನು ‘ಆಪ್ತಮಿತ್ರ’. ಇದರ ಬಗ್ಗೆ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಸೌಂದರ್ಯ 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಹಾರಿದ ವಿಮಾನ ಬಿದ್ದು ತೀರಿಕೊಂಡರು. ಸಿನಿಮಾ ಬಂದದ್ದು ಆಗಸ್ಟಿನಲ್ಲಿ. ಅವರು ತೆರೆಯ ಮೇಲೆ ಮೊದಲ ಸಲ ನಕ್ಕಾಗ ಟಾಕೀಸಿನಲ್ಲಿ ಒಬ್ಬರೂ ಶಿಳ್ಳೆ ಹಾಕಲಿಲ್ಲ. ಹೆಂಗಸರ ಸಾಲಿನಲ್ಲಿ ಮೂಗು ಎಳೆಯುವ ಸದ್ದು ಕೇಳುತ್ತಿತ್ತು. ಈಗ ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿದರೂ ಆ ಗಂಗಾ ನನಗೆ ಹತ್ತಿರದವಳು. ಶೋಭನಾ ಅವರಷ್ಟು ನೃತ್ಯ ಇವರ ಮೈಯಲ್ಲಿಲ್ಲ, ನಿಜ. ಆದರೆ ಮುಖ ಇದೆ. ನಾಲ್ವರು ನಾಯಕಿಯರಲ್ಲಿ ನೋಡಿದ ತಕ್ಷಣ ‘ಪಾಪ’ ಅನಿಸುವವಳು ಇವಳೇ.

ಭಾಷೆಯ ವಿಷಯದಲ್ಲೂ ಕನ್ನಡದ್ದು ಗಟ್ಟಿ ಆಯ್ಕೆ. ಇಲ್ಲಿ ನಾಗವಲ್ಲಿ ತೆಲುಗಿನವಳು. ಸೌಂದರ್ಯ ಆಂಧ್ರದ ಗಡಿಗೆ ಅಂಟಿದ ಮುಳಬಾಗಿಲಿನವರು, ತೆಲುಗಿನಲ್ಲಿ ದೊಡ್ಡ ಹೆಸರು ಮಾಡಿದವರು. ಆ ತೆಲುಗು ಅವರ ತುಟಿಯ ಮೇಲೆ ಎರವಲಿನಂತೆ ಕಾಣುವುದಿಲ್ಲ. ನಮ್ಮಲ್ಲಿ ಅನೇಕರಿಗೆ ತೆಲುಗು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಮನೆಯವಳೇ ಇದ್ದಕ್ಕಿದ್ದಂತೆ ಪರಕೀಯಳಾಗುವ ಭಯಕ್ಕೆ ಆ ಅರ್ಧವೇ ಸರಿಯಾದ ಅಳತೆ.

ನನ್ನ ತಕರಾರು ಬೇರೆ ಕಡೆ. ಆ ದೊಡ್ಡ ಹಾವು ಯಾಕೆ? ಅದು ಬರುತ್ತದೆ, ಹೆಡೆ ಎತ್ತುತ್ತದೆ, ನಮ್ಮನ್ನು ಬೆಚ್ಚಿಸುತ್ತದೆ. ಡಾಕ್ಟರು ಒಂದು ಕಡೆ ಇದು ಮನಸ್ಸಿನ ಕಾಯಿಲೆ ಅನ್ನುತ್ತಿದ್ದರೆ, ಸಿನಿಮಾ ಇನ್ನೊಂದು ಕಡೆ ಏನೋ ಇದೆ ಕಣ್ರೀ ಅಂತ ಕಿವಿಯಲ್ಲಿ ಊದುತ್ತಲೇ ಇರುತ್ತದೆ. ಇನ್ನೊಂದು ಬದಲಾವಣೆ ಅದಕ್ಕಿಂತ ದೊಡ್ಡದು. ಮಲಯಾಳಂನಲ್ಲಿ ಗಂಗಾಳ ಕಣ್ಣಿಗೆ ಕ್ರೂರ ಯಜಮಾನನಾಗಿ ಕಾಣುವವನು ಅವಳ ಗಂಡ. ಅವಳು ಕೊಲ್ಲಹೊರಡುವುದು ತನ್ನ ಗಂಡನನ್ನೇ. ಆ ಒಂಟಿತನ, ಆ ಮದುವೆ ಎಲ್ಲಕ್ಕೂ ಅಲ್ಲಿ ಗಂಟು ಬೀಳುತ್ತದೆ. ಕನ್ನಡದಲ್ಲಿ ರಾಜನ ಪೋಷಾಕು ಡಾಕ್ಟರ ಮೈಮೇಲೆ ಬಂತು. ವಿಷ್ಣುವರ್ಧನ್ ರಾಜನಾಗಿ ನಿಂತ ಗತ್ತನ್ನು ನಾನೂ ಕಣ್ತುಂಬ ನೋಡಿದೆ. ಆದರೆ ಗಂಡ ಹೆಂಡತಿಯ ನಡುವಿನ ಕಥೆ ಅಲ್ಲಿಗೆ ಪಕ್ಕಕ್ಕೆ ಸರಿಯಿತು. ರಮೇಶ್ ಅರವಿಂದ್ ಅವರಂಥ ನಟನಿಗೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಹಾಗಿದ್ದರೂ ಡಾಕ್ಟರಾಗಿ ನನಗೆ ಹಿಡಿಸಿದ್ದು ವಿಷ್ಣುವೇ. ಮೋಹನ್‌ಲಾಲ್ ಅವರ ಡಾ. ಸನ್ನಿ ತಮಾಷೆಯವನು, ಜಾಣ. ವಿಷ್ಣು ರೋಗಿಯ ಹತ್ತಿರ ಮಾತಾಡುವಾಗ ದನಿ ತಗ್ಗಿಸುತ್ತಾರೆ. ದೊಡ್ಡಪ್ಪ ಕೊನೆಯವರೆಗೂ ಹೇಳುತ್ತಿದ್ದದ್ದು ಅದೇ, ಆಸ್ಪತ್ರೆಯ ಡಾಕ್ಟರು ಮೆಲ್ಲಗೆ ಮಾತಾಡಿದರು ಅಂತ.

ಇಲ್ಲಿ ಒಂದು ಸಂಕಟ ಹೇಳಿಕೊಳ್ಳಲೇಬೇಕು. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಹೋದಾಗ, ನಾಗವಲ್ಲಿ ಸೌಂದರ್ಯಳನ್ನು ಕರೆದುಕೊಂಡಳು, ಈಗ ವಿಷ್ಣುವನ್ನು ಕರೆದುಕೊಂಡಳು ಅಂತ ನಮ್ಮ ಬೀದಿಯಲ್ಲೇ ಆಡಿಕೊಂಡರು. ಎರಡೂವರೆ ಗಂಟೆ ಕೂತು ‘ದೆವ್ವ ಇಲ್ಲ’ ಅನ್ನುವ ಸಿನಿಮಾ ನೋಡಿದ ಜನರ ಮಾತು ಇದು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನಲ್ಲಿ ಒಂದು ಪಾಲು ಸಿನಿಮಾದ ಮೇಲೂ ಇದೆ, ಹಾವಿನ ಮೇಲೂ ಇದೆ.

‘ಚಂದ್ರಮುಖಿ’ಗೆ ಹೆಚ್ಚು ಹೊತ್ತು ಬೇಡ. ಪಿ. ವಾಸು ತಮ್ಮ ಕನ್ನಡ ಸಿನಿಮಾವನ್ನೇ ತಮಿಳಿಗೆ ಒಯ್ದಿದ್ದಾರೆ, ಹಾವು ಸಮೇತ. ಮೊದಲ ದೃಶ್ಯದಿಂದಲೇ ರಜನಿಕಾಂತ್ ಹೊಡೆದಾಟ, ಆಮೇಲೆ ಹಾಡು, ಆಮೇಲೆ ವಡಿವೇಲು. ವಡಿವೇಲು ಬಂದಾಗಲೆಲ್ಲ ನಾನು ಮನಸಾರೆ ನಕ್ಕಿದ್ದೇನೆ. ಜ್ಯೋತಿಕಾ ಕಣ್ಣರಳಿಸುವುದು ಎಲ್ಲರಿಗೂ ಇಷ್ಟ, ನನಗೆ ಅಷ್ಟಾಗಿ ಅಲ್ಲ. ಮೊದಲಿನಿಂದಲೇ ಭಯಪಡಿಸುವ ಗಂಗಾ ಕಾಯಿಲೆಯವಳಾಗಿ ನನಗೆ ಕಾಣಲಿಲ್ಲ. ಹಬ್ಬದ ದಿನ ಮನೆ ಮಂದಿಯೆಲ್ಲ ಕೂತು ನೋಡುವುದಾದರೆ ನಾಲ್ಕರಲ್ಲಿ ಇದೇ ಸರಿ.

ಹಿಂದಿಯದು ಕೆಟ್ಟದಿರುತ್ತದೆ ಅಂದುಕೊಂಡೇ ಕೂತಿದ್ದೆ. ತಪ್ಪಾಯಿತು. ಪ್ರಿಯದರ್ಶನ್ 1993ರ ಮಲಯಾಳಂ ಸಿನಿಮಾದಲ್ಲೇ ಎರಡನೇ ಘಟಕದ ನಿರ್ದೇಶಕರಲ್ಲಿ ಒಬ್ಬರಾಗಿದ್ದವರು, ಮೂಲದ ನಾಡಿ ಅವರಿಗೆ ಗೊತ್ತಿದೆ. ಹಾವಿಲ್ಲ, ಕ್ರೂರ ರಾಜನ ಜಾಗದಲ್ಲಿ ಮತ್ತೆ ಗಂಡನೇ ಇದ್ದಾನೆ. ವಿದ್ಯಾ ಬಾಲನ್ ಹಿಂದಿಯಿಂದ ಬಂಗಾಳಿಗೆ ಜಾರುವ ಹೊತ್ತು ನನ್ನ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಆದರೆ ನಡುವಿನ ಹಾಸ್ಯ ಉದ್ದ, ಬಹಳ ಉದ್ದ. ರಾಜ್‌ಪಾಲ್ ಯಾದವ್ ಬರುವ ಭಾಗವನ್ನು ಓಡಿಸಿಕೊಂಡು ನೋಡಿದೆ. 2022ರಲ್ಲಿ ಬಂದ ಎರಡನೇ ಭಾಗದಲ್ಲಿ ನಿಜವಾದ ದೆವ್ವವನ್ನೇ ತಂದಿಟ್ಟರು. ಮೊದಲನೆಯದರ ಡಾಕ್ಟರು ಕಷ್ಟಪಟ್ಟು ಹೇಳಿದ್ದನ್ನೆಲ್ಲ ಅಳಿಸಿಹಾಕಿದ ಹಾಗಾಯಿತು. ನಾನು ಅದನ್ನು ಅರ್ಧಕ್ಕೆ ನಿಲ್ಲಿಸಿದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಮಲಯಾಳಂ ಮೊದಲು, ಹಿಂದಿ ಎರಡನೆಯದು, ಕನ್ನಡ ಮೂರು. ಇದನ್ನು ಬರೆಯುವಾಗ ಕೈ ತಡೆಯಿತು, ಆದರೂ ಸುಳ್ಳು ಬರೆಯಲಾರೆ. ಗಂಗಾ ಯಾರು ಚೆನ್ನ ಅಂತಷ್ಟೇ ಕೇಳಿದರೆ ಶೋಭನಾ, ಅವರ ಪಕ್ಕದಲ್ಲೇ ಸೌಂದರ್ಯ. ಮೂಲದಲ್ಲೂ ಡಾಕ್ಟರು ತಾಂತ್ರಿಕರ ಸಹಾಯ ತೆಗೆದುಕೊಳ್ಳುತ್ತಾರೆ, ಹೋಮದ ಹೊಗೆ ಏಳುತ್ತದೆ. ಅಲ್ಲಿ ಮಾತ್ರ ಅದು ಡಾಕ್ಟರ ನಾಟಕದ ಒಂದು ಭಾಗ, ಕೊನೆಯಲ್ಲಿ ಗಂಡನ ಜಾಗಕ್ಕೆ ಬೊಂಬೆ ತರುವ ಆ ತಿರುಗುವ ಹಲಗೆಯ ಹಾಗೆ.

ಎರಡನೇ ವಾರದ ಕೊನೆಗೆ ಅಕ್ಕ ನೋಡಿಕೊಂಡು ಹೋಗಲು ಬಂದಿದ್ದಳು. ಮಲಯಾಳಂದನ್ನು ಅವಳ ಜೊತೆ ಇನ್ನೊಂದು ಸಲ ಹಾಕಿದೆ. ಅವಳಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ, ನಾನೇ ನಡುನಡುವೆ ಹೇಳುತ್ತಿದ್ದೆ. ಮಂಚ ಎತ್ತುವಾಗ ಅವಳು ಎದ್ದು ಹೋಗುತ್ತಾಳೇನೋ ಅಂತ ಹೆದರಿದ್ದೆ, ಹೋಗಲಿಲ್ಲ. ಕೊನೆಯಲ್ಲಿ ಎಲ್ಲ ಮುಗಿದು ಗಂಗಾ ಎಚ್ಚರವಾಗುವ ಹೊತ್ತಿಗೆ ಡಾಕ್ಟರು ಅವಳ ಹೆಸರು ಕೇಳುತ್ತಾರೆ. ಅವಳು ನಾಗವಲ್ಲಿಯ ಹೆಸರು ಹೇಳದೆ ತನ್ನ ಹೆಸರು ಹೇಳುತ್ತಾಳೆ.

“ನನಗೂ ಮೊದಲು ಹೆಸರೇ ಕೇಳಿದ್ದು ಕಣೇ,” ಅಂದಳು ಅಕ್ಕ. “ಎರಡು ವರ್ಷದಿಂದ ಎಲ್ಲರೂ ‘ಯಾರು ನೀನು, ಯಾಕೆ ಬಂದೆ’ ಅಂತ ಬೇರೆಯವರನ್ನ ಕೇಳ್ತಿದ್ರು.”