ರಿಂಗ್, ಬೋರಿಂಗ್, ಸ್ಲೀವ್: ಹರಿಕೇನ್ ಎಂಜಿನ್ನಿಗೆ ಮಾಡಿಸಿ ನೋಡಿದ ಮೂರು ಬಗೆಯ ದುರಸ್ತಿ

ಹಳೆಯ ಮಹೀಂದ್ರಾ ಸಿಜೆ-3ಬಿ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನನ್ನು ಪೂರ್ತಿ ಬಿಚ್ಚಿದ ಮೇಲೆ ತೀರ್ಮಾನಿಸಬೇಕಾದ ಮೊದಲ ವಿಷಯ ಸಿಲಿಂಡರುಗಳದ್ದು. ಪಿಸ್ಟನ್ನಿನ ಸುತ್ತ ಕೂರುವ ರಿಂಗ್ ಮಾತ್ರ ಹೊಸದು ಹಾಕಬೇಕೇ, ಬೋರಿಂಗ್ ಮಾಡಿಸಿ (ಸವೆದ ಸಿಲಿಂಡರನ್ನು ಕೊರೆದು ಅಗಲಿಸಿ) ಓವರ್‌ಸೈಜ್ ಪಿಸ್ಟನ್ ಕೂರಿಸಬೇಕೇ, ಅಥವಾ ಒಳಗೆ ಸ್ಲೀವ್ ಎಂಬ ಕೊಳವೆ ಹಾಕಿಸಿ ಸ್ಟ್ಯಾಂಡರ್ಡ್ ಅಳತೆಗೆ ಮರಳಬೇಕೇ? ಬಳ್ಳಾರಿಯ ನನ್ನ ಜೀಪಿಗೆ ಮೊದಲೆರಡನ್ನೂ, ಸಂಡೂರಿನಲ್ಲಿರುವ ಭಾವನವರ ಜೀಪಿಗೆ ಮೂರನೆಯದನ್ನೂ ಮಾಡಿಸಿದ್ದೇವೆ.

ರಿಂಗ್ ಬದಲಾವಣೆ ಎಲ್ಲಕ್ಕಿಂತ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ನನ್ನ ಬ್ಲಾಕಿನಲ್ಲಿ (ಸಿಲಿಂಡರುಗಳಿರುವ ಎರಕದಲ್ಲಿ) ಸಿಲಿಂಡರಿನ ಮೇಲ್ಭಾಗ ಕೆಳಭಾಗಕ್ಕಿಂತ 9 ಥೌ ಅಗಲವಾಗಿ ಸವೆದಿತ್ತು; ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ರಿಂಗಿನ ಬಾಯಿಯನ್ನು, ಅಂದರೆ ಅದರ ಎರಡು ತುದಿಗಳ ನಡುವಿನ ಸಂದನ್ನು, ಇಕ್ಕಟ್ಟಾದ ಕೆಳಭಾಗದಲ್ಲಿಯೇ ಹೊಂದಿಸಬೇಕು. ಅಲ್ಲಿ 12 ಥೌ ಇಟ್ಟರೆ, ವ್ಯಾಸ 9 ಥೌ ಹೆಚ್ಚಿದ ಮೇಲ್ಭಾಗದಲ್ಲಿ ಸುತ್ತಳತೆ ಸುಮಾರು 28 ಥೌ ಬೆಳೆದು, ಅದೇ ಬಾಯಿ 40 ಥೌ ತೆರೆದುಕೊಳ್ಳುತ್ತದೆ. ಹೋನಿಂಗ್ ಮಾಡಿಸಿ (ಸಿಲಿಂಡರಿನ ಒಳಮೈಯನ್ನು ಸಾಣೆಕಲ್ಲಿನಿಂದ ಉಜ್ಜಿಸಿ) ರಿಂಗ್ ಹಾಕಿದ ಕೆಲವು ತಿಂಗಳು ಹೊಗೆ ಕಡಿಮೆಯಿತ್ತು, ಆಮೇಲೆ ಆಯಿಲ್ ಮತ್ತೆ ಮೊದಲಿನಂತೆಯೇ ಉರಿಯತೊಡಗಿತು. ನಮ್ಮ ಭಾಗದಲ್ಲಿ ಈ ಸವೆತ ಬೇಗ ಬರುತ್ತದೆ, ಏಕೆಂದರೆ ಗಾಳಿಯೊಂದಿಗೆ ಒಳಸೇರುವ ಅದಿರಿನ ಕೆಂಪು ಧೂಳು ಕಬ್ಬಿಣದ ಆಕ್ಸೈಡ್; ಚಿನ್ನಕ್ಕೂ ಮಸೂರಕ್ಕೂ ಹೊಳಪು ಕೊಡಲು ಬಳಸುವ ಪುಡಿಯೂ ಅದೇ. ಸವೆತ 5 ಥೌ ದಾಟಿದ್ದರೆ ಬರೀ ರಿಂಗಿಗೆ ನಾನು ಇನ್ನು ಕೈಹಾಕುವುದಿಲ್ಲ.

ಎರಡನೆಯ ಸಲ ಎಂಜಿನ್ ಬಿಚ್ಚಿದಾಗ 30 ಥೌ ಬೋರಿಂಗ್ ಮಾಡಿಸಿದೆ. ಈ ಎಂಜಿನ್ನಿನಲ್ಲಿ ಬೇರೆ ಲೈನರ್ ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನ ಎರಕದಲ್ಲಿಯೇ ಓಡುತ್ತದೆ; ಆದ್ದರಿಂದ 3.125 ಅಂಗುಲದ ಮೂಲ ಬೋರ್ 3.155 ಅಂಗುಲವಾಯಿತು. 2199 ಸಿಸಿ ಎಂಜಿನ್ 2241ರ ಹತ್ತಿರ ಹೋದರೂ ಓಡಿಸುವಾಗ ಆ ವ್ಯತ್ಯಾಸ ತಿಳಿಯುವುದಿಲ್ಲ. ಪಿಸ್ಟನ್‌ಗಳನ್ನು ಮೊದಲೇ ತಂದು, ಒಂದೊಂದನ್ನೂ ಅಳೆದು, ಆಯಾ ಪಿಸ್ಟನ್ನಿಗೆ 3 ಥೌ ಸಡಿಲ ಬಿಟ್ಟು ಬೋರ್ ಮಾಡುವಂತೆ ಲೇಥಿನವರಿಗೆ ಹೇಳಿದ್ದು ಈ ದುರಸ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ. ಬ್ಲಾಕ್ ಮನೆಗೆ ಬಂದ ಮೇಲೆ ಬಿಸಿನೀರು, ಸೋಪಿನ ಪುಡಿ ಮತ್ತು ಬ್ರಷ್ ಹಿಡಿದು ನಾಲ್ಕೂ ಸಿಲಿಂಡರ್ ಉಜ್ಜಿದೆ. ಸೀಮೆಎಣ್ಣೆಯಲ್ಲಿ ತೊಳೆದರೆ ಸಾಕೆನ್ನುವವರು ಬಹಳ ಜನ, ಆದರೆ ಹೋನಿಂಗ್ ಕಲ್ಲಿನ ಸಣ್ಣ ಕಣಗಳು ಅದರಿಂದ ಪೂರ್ತಿ ಬಿಟ್ಟುಬರುವುದಿಲ್ಲ. ಬಿಳಿ ಪಂಚೆಯ ತುಂಡಿನಿಂದ ಒರೆಸಿದಾಗ ಬೂದು ಬಣ್ಣ ಹತ್ತದಿರುವ ತನಕ ತೊಳೆದು, ಒಣಗಿದ ಕೂಡಲೇ ಆಯಿಲ್ ಸವರಬೇಕು.

ಭಾವನವರ ಬ್ಲಾಕ್ ಬೋರಿಂಗಿನ ಕೊನೆಯ ಅಳತೆಯಾದ 40 ಥೌವನ್ನು ಆಗಲೇ ಮುಟ್ಟಿದ್ದುದರಿಂದ ಸ್ಲೀವ್ ಅನಿವಾರ್ಯವಾಗಿತ್ತು. ಸ್ಟ್ಯಾಂಡರ್ಡ್ ಪಿಸ್ಟನ್ ಹಾಕಬಹುದು, ಸವೆದಾಗ ಸ್ಲೀವನ್ನೇ ಬದಲಿಸಬಹುದು ಎಂಬುದು ಅದರ ದೊಡ್ಡ ಅನುಕೂಲ. ತೊಡಕು ಕೂರಿಸುವುದರಲ್ಲಿದೆ. ಸ್ಲೀವ್ ಕೂರುವ ತೂತು ಎಲ್ಲೆಡೆ ಸಮನಾಗಿ ಬಿಗಿಯಾಗಿರದಿದ್ದರೆ ಶಾಖ ಸಿಲಿಂಡರಿನ ಸುತ್ತ ನೀರು ಹರಿಯುವ ಜಾಕೆಟ್ಟಿಗೆ ಸರಿಯಾಗಿ ದಾಟುವುದಿಲ್ಲ, ಸ್ಲೀವೂ ಕೆಳಗೆ ಜಾರುತ್ತದೆ. ಆ ಜೀಪಿನಲ್ಲಿ ಮೂರನೆಯ ಸ್ಲೀವ್ 2 ಥೌ ಕುಸಿದು, ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಆ ಜಾಗದಲ್ಲಿಯೇ ಸೋರಿತು. ಕೂರಿಸಿದ ವರ್ಕ್‌ಶಾಪಿನವರು ಬ್ಲಾಕಿನ ಮುಖವನ್ನು ಆಮೇಲೆ ಸಮಗೊಳಿಸಿರಲಿಲ್ಲ. ಸ್ಲೀವನ್ನು ತುಸು ಎತ್ತರಕ್ಕೆ ಬಿಟ್ಟು, ಬ್ಲಾಕಿನೊಂದಿಗೆ ಒಟ್ಟಿಗೆ ಫೇಸಿಂಗ್ ಮಾಡಿಸಿದ ಮೇಲೆ, ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ 65 ಪೌಂಡ್-ಅಡಿಗೆ ಬಿಗಿದೆವು, ಸೋರಿಕೆ ನಿಂತಿತು.

ಏಪ್ರಿಲ್ ಬಿಸಿಲಿನಲ್ಲಿ ಎರಡೂ ಜೀಪುಗಳನ್ನು ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟಕ್ಕೆ ಹತ್ತಿಸಿದೆವು. ಬೋರಿಂಗ್ ಆದ ಎಂಜಿನ್ನಿನ ಟೆಂಪರೇಚರ್ ಮುಳ್ಳು ನಡುವಿನಿಂದ ಕದಲಲಿಲ್ಲ; ಸ್ಲೀವಿನದ್ದು, ರೇಡಿಯೇಟರ್ ತೊಳೆಸಿದ್ದರೂ, ಏರಿನಲ್ಲಿ ಮೇಲಕ್ಕೆ ಹೋಗಿ ಸಮತಟ್ಟಿನಲ್ಲಿ ಇಳಿಯಿತು. ಎಳೆತದಲ್ಲಿಯೂ ಆಯಿಲ್ ಖರ್ಚಿನಲ್ಲಿಯೂ ಎರಡಕ್ಕೂ ಅಂತರವಿರಲಿಲ್ಲ.

ಬ್ಲಾಕಿನಲ್ಲಿ ಇನ್ನೂ ಅಳತೆ ಉಳಿದಿದ್ದರೆ ನಾನು ಬೋರಿಂಗನ್ನೇ ಆರಿಸುತ್ತೇನೆ. ಒಂದೇ ಸಿಲಿಂಡರಿಗೆ ಆಳವಾದ ಗೀರು ಬಿದ್ದಿದ್ದರೆ ಅದಕ್ಕೊಂದಕ್ಕೇ ಸ್ಲೀವ್ ಹಾಕಿಸಿ, ಉಳಿದ ಮೂರನ್ನು ಇದ್ದ ಅಳತೆಯಲ್ಲಿಯೇ ಉಳಿಸಿಕೊಳ್ಳುವುದು ಸರಿ. ನನ್ನ ಜೀಪಿಗೆ ಉಳಿದಿರುವುದು 40ರ ಒಂದು ಸಲ ಮಾತ್ರ. ಅದನ್ನು ಮುಂದೂಡುವ ಸಲುವಾಗಿ ಏರ್ ಕ್ಲೀನರಿನಲ್ಲಿ ಧೂಳು ಹಿಡಿಯುವ ಆಯಿಲನ್ನು ಅದಿರಿನ ದಾರಿಯಲ್ಲಿ ಹೋಗಿಬಂದ ಪ್ರತಿ ವಾರವೂ ಬದಲಿಸುತ್ತಿದ್ದೇನೆ.