ಹಳೆ ಮ್ಯಾಂಡೊಲಿನ್ ಕೊಳ್ಳುವ ಮುಂಚೆ ದಂಡಿ ನೋಡಿ, ಕುದುರೆ ನೋಡಿ

ಮುಂಬೈಯಲ್ಲಿ ಕೈಬದಲಾಗಿ ಸಿಗುವ ಮ್ಯಾಂಡೊಲಿನ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕೋಲ್ಕತ್ತಾದಲ್ಲಿ ತಯಾರಾದ ಅಗ್ಗದ ವಾದ್ಯ, ಪ್ಲೈವುಡ್ ಹಲಗೆಯ ಚೀನಾ ಮಾಲು, ಮತ್ತು ಗೋವಾದ ಹಳೆ ಮನೆಗಳಿಂದ ಅಪರೂಪಕ್ಕೆ ಹೊರಬರುವ ದುಂಡು ಹೊಟ್ಟೆಯ ಯುರೋಪಿನ ಮಾದರಿ. ಯಾವುದಾದರೂ ಸರಿ, ಪಾಲಿಶ್ ನೋಡಿ ಬೆಲೆ ಕಟ್ಟಬೇಡಿ. ಬಣ್ಣ ಹೋಗಿದ್ದರೆ ನಾದಕ್ಕೆ ಏನೂ ಆಗುವುದಿಲ್ಲ. ದಂಡಿ, ಅಂದರೆ ಎಡಗೈ ಬೆರಳು ಓಡಾಡುವ ಉದ್ದನೆಯ ಭಾಗ, ಬಾಗಿದ್ದರೆ ಮಾತ್ರ ವಾದ್ಯ ಕೈಗೆ ಒಗ್ಗುವುದೇ ಇಲ್ಲ.

ನಾಲ್ಕು ಜೋಡಿಯಾಗಿರುವ ಎಂಟು ತಂತಿಗಳನ್ನು ಶ್ರುತಿಗೆ ಏರಿಸಿದಾಗ ದಂಡಿಯ ಮೇಲೆ ಬೀಳುವ ಎಳೆತ ಒಟ್ಟು 70ರಿಂದ 80 ಕಿಲೋದಷ್ಟು. ತಂತಿ ಸಡಿಲಿಸದೆ ನಾಲ್ಕಾರು ಮಳೆಗಾಲ ಅಟ್ಟದಲ್ಲಿಟ್ಟರೆ ಅಗ್ಗದ ಮರ ಬಾಗಿಯೇ ಬಾಗುತ್ತದೆ. ಪರೀಕ್ಷೆ ಸುಲಭ. ದಂಡಿಗೆ ಅಡ್ಡವಾಗಿ ಕೂರಿಸಿದ ಲೋಹದ ಗೆರೆಗಳೇ ಮೆಟ್ಟುಗಳು. ದಪ್ಪ ತಂತಿಯನ್ನು ಮೊದಲನೇ ಮೆಟ್ಟಿನಲ್ಲಿ ಒಂದು ಬೆರಳಿನಿಂದ, ದಂಡಿ ಒಡಲನ್ನು ಸೇರುವ ಜಾಗದಲ್ಲಿ ಇನ್ನೊಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ನಡುವಿನ ಮೆಟ್ಟುಗಳ ಮೇಲೆ ಒಂದು ಕಾಗದ ತೂರುವಷ್ಟು ಸಂದು ಇದ್ದರೆ ಒಳ್ಳೆಯದೇ. ಮಡಚಿದ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಹೋದರೆ ದಂಡಿ ಬಾಗಿದೆ. ದಂಡಿಯೊಳಗೆ ಉಕ್ಕಿನ ಸರಳು ಇದ್ದರೆ ಅದರ ನಟ್ಟನ್ನು ಕಾಲು ಸುತ್ತು ತಿರುಗಿಸಿ ಸರಿಪಡಿಸಬಹುದು. ಬಹಳಷ್ಟು ಅಗ್ಗದ ವಾದ್ಯಗಳಲ್ಲಿ ಆ ಸರಳೇ ಇರುವುದಿಲ್ಲ. ಅಂಥದ್ದು ಬಾಗಿದ್ದರೆ ಕೊಳ್ಳಬೇಡಿ.

ಆಮೇಲೆ ಹನ್ನೆರಡನೇ ಮೆಟ್ಟಿನ ಹತ್ತಿರ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಒಂದು ರೂಪಾಯಿ ನಾಣ್ಯದ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ಮೆಟ್ಟಿಗೂ ತಂತಿಗೂ ನಡುವೆ ಒಂದು ನಾಣ್ಯ ಹಿಡಿದರೆ ಸರಿ, ಜೋಡಿ ನಾಣ್ಯ ಸರಾಗ ಹೋಗುವಂತಿದ್ದರೆ ಬೆರಳು ನೋಯುತ್ತದೆ. ಆಗ ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಂತ ಕುದುರೆಯನ್ನೂ ಅದನ್ನು ಏರಿಸಿ ಇಳಿಸುವ ಪಕ್ಕದ ಎರಡು ಪುಟ್ಟ ಚಕ್ರಗಳನ್ನೂ ನೋಡಿ. ಚಕ್ರ ಪೂರ್ತಿ ಕೆಳಗಿದ್ದೂ ತಂತಿ ಎತ್ತರದಲ್ಲೇ ಇದ್ದರೆ ದಂಡಿಯ ಬುಡ ಮೇಲೆದ್ದಿರುತ್ತದೆ. ತಂತಿಯ ಎತ್ತರ ಸರಿಯಿದ್ದೂ ಚಕ್ರ ತುದಿಯವರೆಗೆ ಏರಿದ್ದರೆ ಮೇಲುಹಲಗೆ ಕುಸಿದಿರುವ ಅನುಮಾನ ಬರಬೇಕು. ಇದನ್ನು ಮಾರುವವರು ಹೇಳುವುದಿಲ್ಲ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಹಲಗೆಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಪ್ರತಿಬಿಂಬದ ಗೆರೆ ಕುದುರೆಯ ಬಳಿ ಒಮ್ಮೆಲೇ ಡೊಂಕಾದರೆ ಅನುಮಾನ ನಿಜ. ಗೆಣ್ಣಿನಿಂದ ತಟ್ಟಿದಾಗ ಒಳಗೆ ಝರ್ ಎಂದರೆ ಒಳಪಟ್ಟಿಯ ಅಂಟು ಬಿಟ್ಟಿರಬಹುದು, ಹಲಗೆಯ ತೂತಿನಿಂದ ಮೊಬೈಲ್ ಟಾರ್ಚ್ ಬೆಳಕು ಹಾಯಿಸಿ ನೋಡಿ.

ಅಪಸ್ವರದ ವಾದ್ಯ ಎಂದು ಕಡಿಮೆ ಬೆಲೆಗೆ ಕೊಡುವವರೂ ಇದ್ದಾರೆ. ಇಲ್ಲಿ ಅವಸರಪಟ್ಟು ಎದ್ದು ಬರಬೇಡಿ. ಮ್ಯಾಂಡೊಲಿನ್‌ನ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಷ್ಟೇ ನಿಂತಿರುತ್ತದೆ. ತಂತಿ ಬದಲಿಸುವಾಗ ಅರ್ಧ ಸೆಂಟಿಮೀಟರ್ ಜರುಗಿದರೂ ಸಾಕು, ಮೇಲಿನ ಸ್ವರಗಳೆಲ್ಲ ತಪ್ಪುತ್ತವೆ. ತಲೆಯ ಬಳಿಯ ಪಟ್ಟಿಯಿಂದ ಹನ್ನೆರಡನೇ ಮೆಟ್ಟಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಅಷ್ಟೇ ದೂರ, ಜೊತೆಗೆ ಒಂದೆರಡು ಮಿಲಿಮೀಟರ್ ಹೆಚ್ಚು ಇರಬೇಕು. ಮೊಬೈಲಿನ ಟ್ಯೂನರ್ ಆಪ್ ತೆರೆದು ಖಾಲಿ ತಂತಿಯನ್ನೂ ಹನ್ನೆರಡನೇ ಮೆಟ್ಟಿನ ಸ್ವರವನ್ನೂ ಹೋಲಿಸಿ. ಮೆಟ್ಟಿನ ಸ್ವರ ಏರಿದ್ದರೆ ಕುದುರೆಯನ್ನು ಹಿಂದಕ್ಕೆ, ಇಳಿದಿದ್ದರೆ ದಂಡಿಯ ಕಡೆಗೆ ಸರಿಸಿ. ಇಷ್ಟು ಮಾಡಿದ ಮೇಲೂ ನಡುವಿನ ಎರಡು ಮೂರು ಮೆಟ್ಟು ಮಾತ್ರ ತಪ್ಪು ನುಡಿದರೆ, ಆ ಮೆಟ್ಟುಗಳನ್ನು ಕೂರಿಸುವಾಗಲೇ ತಪ್ಪಾಗಿರಬಹುದು ಇಲ್ಲವೇ ಅವು ತೀರಾ ಸವೆದಿರಬಹುದು. ಅಂಥದ್ದನ್ನು ಬಿಟ್ಟುಬಿಡಿ.

ತಂತಿ ಬಿಗಿಮಾಡುವ ಬಿರಡೆಗಳು ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಒಂದೊಂದು ಪಟ್ಟಿಯ ಮೇಲಿರುತ್ತವೆ. ಒಂದರ ಹಲ್ಲು ಸವೆದರೂ ಪಟ್ಟಿಯನ್ನೇ ಬದಲಿಸಬೇಕಾಗುತ್ತದೆ. ಈಗಿನ ಪಟ್ಟಿಗಳಲ್ಲಿ ತಂತಿ ಸುತ್ತುವ ಕಂಬದಿಂದ ಕಂಬಕ್ಕೆ ಸುಮಾರು 23 ಮಿಲಿಮೀಟರ್, ಹಳೆ ವಾದ್ಯದಲ್ಲಿ ಅದು ಬೇರೆಯೇ ಇರಬಹುದು. ಅಳೆದುಕೊಂಡು ಹೋಗಿ.

ದುಂಡು ಹೊಟ್ಟೆಯದಕ್ಕೆ ಅತಿ ತೆಳು ತಂತಿಯೇ ಬೇಕು. ಈಗಿನ ಮಧ್ಯಮ ದಪ್ಪದ ಸೆಟ್ ಹಾಕಿದರೆ ಹಲಗೆ ಕುಸಿಯುತ್ತದೆ, ಬೆನ್ನಿನ ಮರದ ಪಟ್ಟಿಗಳ ಬೆಸುಗೆ ಬಿರಿಯುತ್ತದೆ. ನೋಡಲು ತುಂಬ ಚೆಂದ, ದನಿಯೂ ಇಂಪು, ಆದರೆ ಕಲಿಯುವ ಮಕ್ಕಳಿಗೆ ಅದು ಬೇಡ.

ಮಾಟುಂಗಾ, ಡೊಂಬಿವಿಲಿ ಕಡೆಯ ನಮ್ಮವರು ಮಕ್ಕಳಿಗೆ ಕರ್ನಾಟಕ ಸಂಗೀತಕ್ಕೆಂದೇ ಕೊಳ್ಳುವುದಾದರೆ ಇನ್ನೊಂದು ಮಾತು. ಆ ಸಂಗೀತದ ಹೆಸರಾಂತ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ ನುಡಿಸುತ್ತಿದ್ದುದು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಜೋಡಿ ತಂತಿಯನ್ನು ಎಳೆದು ಗಮಕ ತೆಗೆಯುವುದು ಕಷ್ಟ, ಅಕೂಸ್ಟಿಕ್‌ನಲ್ಲಿ ನಾದ ಬೇಗ ಆರುತ್ತದೆ. ಜೋಡಿಯಲ್ಲಿ ಒಂದೊಂದು ತಂತಿ ತೆಗೆದು ಅಭ್ಯಾಸ ಶುರುಮಾಡಬಹುದು, ದನಿ ಮಾತ್ರ ತೆಳುವಾಗುತ್ತದೆ. ಗುರುಗಳನ್ನು ಕೇಳಿಯೇ ದುಡ್ಡು ಕೊಡಿ.

ಚೋರ್ ಬಜಾರಿಗೆ ಹೋಗುವ ಮೊದಲು ಧೋಬಿ ತಲಾವ್‌ನ ಸಂಗೀತದ ಅಂಗಡಿಗಳಲ್ಲಿ ಹೊಸದೊಂದನ್ನು ಕೈಯಲ್ಲಿ ಹಿಡಿದು ನುಡಿಸಿ ನೋಡಿ. ಕಿವಿಗೂ ಬೆರಳಿಗೂ ಒಂದು ಅಳತೆ ಸಿಗುತ್ತದೆ, ಬೆಲೆಯೂ ತಿಳಿಯುತ್ತದೆ. ಹಳೆಯದು ಎಲ್ಲ ಪರೀಕ್ಷೆಯಲ್ಲೂ ಗೆದ್ದರೂ ಹೊಸದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ, ತಂತಿ ಮತ್ತು ರಿಪೇರಿಯ ಖರ್ಚನ್ನು ಅದರಿಂದಲೇ ಕಳೆಯಿರಿ. ಮನೆಗೆ ತಂದ ಮೇಲೆ ತುಕ್ಕು ಹಿಡಿದ ತಂತಿಗಳನ್ನೆಲ್ಲ ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬದಲಿಸಿ. ಆಗ ಕುದುರೆ ಇದ್ದಲ್ಲೇ ಇರುತ್ತದೆ.