ಯುರೋಪಿಯನ್ ಒಕ್ಕೂಟ: ಉಳಿಯುವುದೋ, ಹೊರಬರುವುದೋ?

ಒಕ್ಕೂಟ ಬಿಡುವ ಮಾತು ಬಂದಾಗ ಮೊದಲು ಕೇಳಬೇಕಾದದ್ದು, ಬಿಟ್ಟು ಎಲ್ಲಿಗೆ ಎಂದು. ಹೊರಗೆ ಇರುವುದು ಒಂದೇ ದಾರಿಯಲ್ಲ.

ಉಳಿದರೆ: ಸರಕು, ಸೇವೆ, ಬಂಡವಾಳ, ಜನ ನಾಲ್ಕಕ್ಕೂ ಮುಕ್ತ ಸಂಚಾರ. ಬಜೆಟ್‌ಗೆ ವಂತಿಗೆ ಕಟ್ಟಬೇಕು, ಸ್ವಂತ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಆದರೆ ನಿಯಮ ರೂಪಿಸುವಾಗ ಮತ ಇರುತ್ತದೆ.

ನಾರ್ವೆಯ ದಾರಿ: ಒಕ್ಕೂಟದ ಸದಸ್ಯನಲ್ಲದಿದ್ದರೂ ಏಕ ಮಾರುಕಟ್ಟೆ, ಅಂದರೆ ಮೇಲೆ ಹೇಳಿದ ಮುಕ್ತ ಸಂಚಾರ, ಸಿಗುತ್ತದೆ, ಕೃಷಿ ಮತ್ತು ಮೀನುಗಾರಿಕೆ ನೀತಿ ತನ್ನ ಕೈಯಲ್ಲೇ ಉಳಿಯುತ್ತದೆ. ಹಣವನ್ನೂ ಕೊಡಬೇಕು, ಜನರ ಸಂಚಾರವನ್ನೂ ಒಪ್ಪಬೇಕು; ಮತ ಮಾತ್ರ ಇಲ್ಲ. ಸಾರ್ವಭೌಮತ್ವಕ್ಕಾಗಿ ಹೊರಬರುವವರಿಗೆ ಇದು ಹೊಂದುವುದಿಲ್ಲ.

ಬ್ರಿಟನ್‌ನ ದಾರಿ: 2016ರ ಜನಮತದಲ್ಲಿ ಶೇ. 51.9 ಮಂದಿ ಹೊರಬರಲು ಮತ ಹಾಕಿದರು. 2020ರ ಜನವರಿ 31ರಂದು ದೇಶ ಹೊರಬಂತು. ವಲಸೆ ನೀತಿ, ವ್ಯಾಪಾರ ಒಪ್ಪಂದ ಎರಡೂ ಕೈಗೆ ಬಂದವು. ಒಕ್ಕೂಟದೊಂದಿಗಿನ ಒಪ್ಪಂದದಲ್ಲಿ ಸುಂಕ ಶೂನ್ಯ ನಿಜ, ಆದರೆ ಸರಕು ಎಲ್ಲಿ ತಯಾರಾಯಿತು ಎಂಬುದನ್ನು ನೋಡುವ ಮೂಲದ ನಿಯಮ ಪಾಲಿಸಿದ ಸರಕಿಗೆ ಮಾತ್ರ. ಏಷ್ಯಾದಿಂದ ತರಿಸಿದ ಬಟ್ಟೆಯನ್ನು ಬ್ರಿಟನ್‌ನ ಗೋದಾಮಿನಿಂದ ಹಾಗೇ ಫ್ರಾನ್ಸ್‌ಗೆ ಕಳಿಸಿದರೆ ಸುಂಕ ಬೀಳುತ್ತದೆ. ಮಾಂಸ ಕಳಿಸಲು ಪಶುವೈದ್ಯರ ಸಹಿಯಿರುವ ಆರೋಗ್ಯ ಪ್ರಮಾಣಪತ್ರ, ಕಸ್ಟಮ್ಸ್ ಘೋಷಣೆ, ಗಡಿ ತಪಾಸಣೆ ಬೇಕು. ಹಲವರ ಸರಕು ತುಂಬಿದ ಲಾರಿಯಲ್ಲಿ ಒಬ್ಬರ ಕಾಗದ ತಪ್ಪಿದರೂ ಇಡೀ ಲಾರಿ ನಿಲ್ಲಬಹುದು. ಸರಕು ಚಿಕ್ಕದಾದರೂ ಕಾಗದದ ಖರ್ಚು ಅಷ್ಟೇ. ಸಣ್ಣ ರಫ್ತುದಾರರು ಸೋಲುವುದು ಇಲ್ಲೇ.

ಭೂಗಡಿ ಇರುವ ದೇಶ ಉತ್ತರ ಐರ್ಲೆಂಡ್‌ನ ಬಿಕ್ಕಟ್ಟನ್ನು ಮೊದಲೇ ಅಧ್ಯಯನ ಮಾಡಲಿ: ಬ್ರಿಟನ್‌ನ ಭಾಗವಾದ ಅದಕ್ಕೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡ್‌ಗೂ ನಡುವಿನ ಗಡಿಯಲ್ಲಿ ತಪಾಸಣೆ ಹೇಗೆ ಎಂಬುದೇ ಆ ಬಿಕ್ಕಟ್ಟು. ಒಕ್ಕೂಟದ ಒಡಂಬಡಿಕೆಯಲ್ಲಿ ಹೊರಬರುವ ಕ್ರಮ ಹೇಳುವ 50ನೇ ವಿಧಿಯಡಿ ನೋಟಿಸ್ ಕೊಟ್ಟರೆ ಮಾತುಕತೆಗೆ ಸಿಗುವುದು ಎರಡೇ ವರ್ಷ, ವಿಸ್ತರಣೆಗೆ ಉಳಿದೆಲ್ಲ ಸದಸ್ಯರ ಒಪ್ಪಿಗೆ ಬೇಕು. ಹಾಗಾಗಿ ಯಾವ ದಾರಿ ಎಂಬುದು ನೋಟಿಸ್‌ಗೆ ಮೊದಲೇ ತೀರ್ಮಾನವಾಗಬೇಕು.